ಎರಡು ಪಟ್ಟಿಗಳ ಅಂಗಿ

ಮಣ್ಣೂರಿನ ಗಂಗಾಬಾಯಿ ವರ್ಷಕ್ಕೊಮ್ಮೆ, ಡಿಸೆಂಬರ್ ತಿಂಗಳಲ್ಲಿ, ಒಂದು ಕಾಗದವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಜೇವರ್ಗಿಗೆ ಬರುತ್ತಿದ್ದಳು. ಬಸ್ ನಿಲ್ದಾಣದ ಎದುರಿಗಿದ್ದ ದರ್ಜಿ ಸಲಾವುದ್ದೀನನ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಗಂಟು ಬಿಚ್ಚಿ, ಆ ಕಾಗದವನ್ನು ಅವನ ಹೊಲಿಗೆ ಯಂತ್ರದ ಮೇಲಿಟ್ಟು, "ನೆನಪದ ಅಲ್ಲ?" ಎಂದಷ್ಟೇ ಕೇಳುತ್ತಿದ್ದಳು. "ಅದ ಗಂಗಕ್ಕಾ," ಎನ್ನುತ್ತಿದ್ದ ಸಲಾವುದ್ದೀನ. ಅವಳಿಗೆ ಅಷ್ಟೇ ಸಾಕು. ಬಂದ ಬಸ್ಸಿನಲ್ಲೇ ತಿರುಗಿ ಹೋಗುತ್ತಿದ್ದಳು. ಆದರೆ ಆ ದಿನ ಕಳೆಯುವವರೆಗೆ ಸೂಜಿಗೆ ದಾರ ಪೋಣಿಸುವುದು ಅವನ ಕೈಯಿಂದ ಆಗುತ್ತಿರಲಿಲ್ಲ.

ಆ ಕಾಗದ ಅವಳ ಒಬ್ಬನೇ ಮಗ, ಸಿಪಾಯಿ ದೌಲತರಾಯ, ಎಪ್ಪತ್ತೊಂದರ ಯುದ್ಧಕ್ಕೆ ಮುಂಚೆ ದಂಡಿನಿಂದ ಬರೆದ ಕೊನೆಯದು. ಹೆಂಡತಿಯ ಕುಶಲ, ಎತ್ತಿನ ಕುಶಲ, ಭೀಮಾ ನದಿಯ ನೀರಿನ ಕುಶಲ ಎಲ್ಲ ಕೇಳಿದ ಮೇಲೆ ಕೆಳಗೆ ಎರಡು ಸಾಲು ಹೆಚ್ಚಿಗೆ ಬರೆದಿದ್ದ: "ನಮ್ಮ ಜೇವರ್ಗಿಯ ಸಲಾವುದ್ದೀನ ಚಾಚಾ ನನ್ನ ಎದೆಯ ಮೇಲಿನ ಎರಡು ಪಟ್ಟಿಗಳನ್ನು ಉಲ್ಟಾ ಹೊಲಿದಾನ. ಅವನೂ ನೌಕರಿ ಮುಗಿಸಿ ಊರಿಗೆ ಬರುವವನಿದ್ದಾನೆ, ನಾನು ರಜೆಗೆ ಬಂದಾಗ ಅವನ ಕೈಯಿಂದಲೇ ಸೀದಾ ಮಾಡಿಸಿಕೊಳ್ಳುತ್ತೇನೆ, ನೀನು ನೆನಪು ಮಾಡು."

ಮಗ ಬರಲಿಲ್ಲ. 'ಕಾಣೆಯಾಗಿದ್ದಾನೆ' ಎಂಬ ಸರ್ಕಾರಿ ತಂತಿ ಬಂತು. ಗಂಗಾಬಾಯಿಗೆ ತಂತಿ ದೊಡ್ಡದಾಗಿ ತೋರಲಿಲ್ಲ. ಕಾಗದ ದೊಡ್ಡದಾಗಿ ತೋರಿತು. ಒಂದು ಕೆಲಸ ಬಾಕಿ ಇಟ್ಟು ಹೋದವನು ಆ ಕೆಲಸಕ್ಕಾದರೂ ಬರಲೇಬೇಕು ಎಂಬುದು ಅವಳ ಲೆಕ್ಕ.

ಈಗ ಎಪ್ಪತ್ತಾರನೆಯ ಇಸವಿ. ಐದು ವರ್ಷವಾಗಿತ್ತು. ಆ ಸಲದ ಡಿಸೆಂಬರ್ ಏಳರಂದು, ಸೈನಿಕರ ಧ್ವಜ ದಿನದ ನಿಮಿತ್ತ, ಜೇವರ್ಗಿಯ ಶಾಲೆಯ ಮೈದಾನದಲ್ಲಿ ಮಾಜಿ ಸೈನಿಕರನ್ನೂ ಮಡಿದವರ ಮನೆಯವರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬ ಕರ್ನಲ್ ಸಾಹೇಬರು ನೋಡಿಕೊಂಡು ಹೋಗುವರೆಂದು ಗೊತ್ತಾಗಿತ್ತು. ಮುಂಜಾನೆಯಿಂದಲೇ ಸಲಾವುದ್ದೀನನ ಅಂಗಡಿಯ ಮುಂದೆ ಹಳೆಯ ಸಿಪಾಯಿಗಳ ಸಂತೆ. ದಂಡಿನಲ್ಲಿ ಹತ್ತೊಂಬತ್ತು ವರ್ಷ ಪಲ್ಟನ್ನಿನ ದರ್ಜಿಯಾಗಿದ್ದು ಬಂದವನು ಅವನು. ಪದಕ ಯಾವುದು ಮೊದಲು, ಯಾವುದು ನಂತರ, ಜೇಬಿನ ಹೊಲಿಗೆಯಿಂದ ಎಷ್ಟು ಮೇಲೆ, ಗುಂಡಿಪಟ್ಟಿಯಿಂದ ಎಷ್ಟು ದೂರ ಎಂಬುದರಲ್ಲಿ ಸುತ್ತಲಿನ ಮೂರು ತಾಲೂಕಿನಲ್ಲಿ ಅವನ ಮಾತೇ ಕೊನೆಯ ಮಾತು.

"ಚಂದ್ರಾಮಪ್ಪ, ಎದೀ ಮ್ಯಾಲ ಪದಕ ಹಚ್ಚೀಯೋ, ಗೋಡೀಗೆ ಕುಳ್ಳು ಬಡದೀಯೋ?" ಎಂದು ಕರಜಗಿಯಿಂದ ಬಂದಿದ್ದ ದಂಡಿನಲ್ಲಿ ನಾಯಕ್ ಹುದ್ದೆಯಲ್ಲಿದ್ದವನನ್ನು ಅವನು ಗದರಿದ. "ಒಂದು ಮ್ಯಾಲ, ಒಂದು ಕೆಳಗ! ಬಿಚ್ಚು."

"ಉಸ್ತಾದ್, ಮುಂಜಾನಿಂದ ಮೂರು ಸಲ ಬಿಚ್ಚಿಸೀದಿ. ನನ್ನ ಮದವಿ ದಿವ್ಸಾನೂ ಯಾರೂ ಇಷ್ಟು ಬಿಚ್ಚಿಸಿರಲಿಲ್ಲ," ಎಂದ ಚಂದ್ರಾಮಪ್ಪ. ಕಟ್ಟೆಯ ಮೇಲಿದ್ದವರು ನಕ್ಕರು.

"ಹಿರೇದು ಗುಂಡೀ ಕಡಿ ಇರಬೇಕು, ಸಣ್ಣದು ತೋಳಿನ ಕಡಿ. ಹತ್ತು ವರ್ಷ ನೌಕ್ರಿ ಮಾಡೀದಿ, ಇಷ್ಟೂ ತಿಳೀಲಿಲ್ಲ? ಪದಕ ಅಂದ್ರ ಆಭರಣ ಅಲ್ಲೋ, ಅದು ಓದೋ ಬರಹ. ಸಾಲು ತಪ್ಪಿದ್ರ ಸುಳ್ಳು ಓದಿದಂಗ."

"ಆತು ಬಿಡು. ನಮ್ಮ ಬರಹ ನೀನಽ ತಿದ್ದು. ಅಂದಂಗ, ಈ ಸಲ ಸಾಲು ನಿಲ್ಲಿಸಾಕ ಯಾರು ಬರಾಕತ್ತಾರ ಗೊತ್ತದೇನು? ಆಳಂದದ ರೇವಣಪ್ಪ ಸುಬೇದಾರ್ರು. ನಿನ್ನ ಪಲ್ಟನ್ನಿನವರಽ ಅಂತಲ್ಲ."

ಸಲಾವುದ್ದೀನನ ಕೈಯಲ್ಲಿದ್ದ ಕತ್ತರಿ ಬಟ್ಟೆಯನ್ನು ಕಚ್ಚಿ ಅಲ್ಲೇ ನಿಂತಿತು.

"ಹೌದೇನು," ಎಂದ.

ರೇವಣಪ್ಪ ಸುಬೇದಾರ ಮತ್ತು ಗಂಗಾಬಾಯಿಯ ಕಾಗದ: ಇವೆರಡೂ ಒಂದೇ ಊರಿನಲ್ಲಿ ಒಂದೇ ದಿನ ಸೇರಬಾರದೆಂದು ಅವನು ಐದು ವರ್ಷ ಬೇಡಿಕೊಂಡಿದ್ದ.

ಎಪ್ಪತ್ತೊಂದರಲ್ಲಿ ನಡೆದದ್ದು ಇಷ್ಟು. ನವೆಂಬರದ ಕೊನೆಯ ವಾರ. ಗಡಿಯ ಹತ್ತಿರದ ಬಿಡಾರ. ಚಳಿಗಾಲದ ಹೊಸ ಅಂಗಿಗಳು ಬಂದಿದ್ದವು. ಮರುದಿನವೇ ಜನರಲ್ ಸಾಹೇಬರ ತಪಾಸಣೆ. ಒಂದೇ ಹಗಲಿನಲ್ಲಿ ಅರವತ್ತು ಅಂಗಿಗಳಿಗೆ ಪದಕಗಳ ಬದಲಿಗೆ ಧರಿಸುವ ಬಣ್ಣದ ಪಟ್ಟಿಗಳನ್ನು ಹೊಲಿಯಬೇಕಿತ್ತು. ಸಲಾವುದ್ದೀನ ಯಾವಾಗಲೂ ಅಂಗಿಯ ಕೊರಳನ್ನು ಎದುರಿಗೆ ಮಾಡಿ ಹೊಲಿಯುವವನು. ಅಂದು, ಐವತ್ತನೆಯ ಅಂಗಿ ದಾಟಿದ ಮೇಲೆ ಎಲ್ಲಿಯೋ, ಬೆನ್ನುನೋವಿಗೆ ಪಕ್ಕಕ್ಕೆ ಹೊರಳಿ ಕುಳಿತಾಗ, ಒಂದು ಅಂಗಿಯ ಕೊರಳು ಅವನ ಹೊಟ್ಟೆಯ ಕಡೆಗೆ ತಿರುಗಿತು. ಕೊರಳು ತಿರುಗಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹಿರಿಯದು ತೋಳಿನ ಕಡೆಗೆ ಹೋಯಿತು, ಕಿರಿಯದು ಗುಂಡಿಯ ಕಡೆಗೆ ಬಂತು. ಅದು ದೌಲತರಾಯನ ಅಂಗಿ.

"ಚಾಚಾ, ನನ್ನ ಎದೀನಽ ಉಲ್ಟಾ ಮಾಡಿಟ್ಟೀಯಲ್ಲೋ!" ಎಂದು ಆ ಹುಡುಗ ತಪಾಸಣೆಯ ಮುಂಜಾನೆ ಬಿದ್ದುಬಿದ್ದು ನಕ್ಕಿದ್ದ. ತೆಗೆದು ಹೊಲಿಯಲು ವೇಳೆ ಇರಲಿಲ್ಲ. ಜನರಲ್ ಸಾಹೇಬರು ಮೊದಲ ಸಾಲು ಮುಗಿಸುವಷ್ಟರಲ್ಲಿ ಮುಂದಕ್ಕೆ ಸಾಗುವ ಹುಕುಂ ಬಂತು. ದೌಲತರಾಯ ಆ ಅಂಗಿಯ ಮೇಲೆಯೇ ಉಣ್ಣೆಯ ಸ್ವೆಟರ್ ಏರಿಸಿಕೊಂಡು ಲಾರಿ ಹತ್ತಿದ. ಲಾರಿಯೊಳಗಿಂದ ಎದೆ ತಟ್ಟಿ ತೋರಿಸಿ ಮತ್ತೊಮ್ಮೆ ನಕ್ಕ.

ಯುದ್ಧ ನಿಂತ ಮೂರನೆಯ ದಿನ ರೇವಣಪ್ಪ ಸುಬೇದಾರರು ಸಲಾವುದ್ದೀನನನ್ನು ಕರೆಸಿದರು. ಮೇಜಿನ ಮೇಲೆ ಅಂಗೈಯಗಲದ ಸುಟ್ಟ ಬಟ್ಟೆ. ಕಾಲುವೆಯ ದಂಡೆಯ ಮೇಲೆ ಸಿಕ್ಕ ಒಂದು ದೇಹದ್ದು. ಮುಖ ಉಳಿದಿರಲಿಲ್ಲ, ಕೊರಳಿನ ಗುರುತಿನ ಬಿಲ್ಲೆ ಇರಲಿಲ್ಲ. ಬಟ್ಟೆಯ ಮೇಲೆ ಎರಡು ಪಟ್ಟಿಗಳು, ಉಲ್ಟಾ.

"ಇದು ನಿನ್ನ ಹೊಲಿಗೀನಾ? ಯಾರ ಅಂಗಿ?" ಎಂದು ಕೇಳಿದ್ದರು ಸುಬೇದಾರರು. ಪಕ್ಕದಲ್ಲಿ ಇಬ್ಬರು ಅಧಿಕಾರಿಗಳು ನಿಂತಿದ್ದರು. ಒಬ್ಬರು, "ಯಾವ ಕತ್ತೆ ಹೊಲಿದದ್ದು ಇದನ್ನ?" ಎಂದು ಹಿಂದಿಯಲ್ಲಿ ಗೊಣಗಿದರು.

ಆ ಒಂದು ಮಾತಿಗೆ ಹತ್ತೊಂಬತ್ತು ವರ್ಷದ ದರ್ಜಿಯ ಕಿವಿ ಕಾದ ಇಸ್ತ್ರಿಯಂತಾಯಿತು. "ನನ್ನದಲ್ಲರಿ ಸಾಬ್. ನನ್ನ ಕೈ ಹಿಂಗ ಹೊಲಿಯೂದಿಲ್ಲ," ಎಂದುಬಿಟ್ಟ.

ಆ ಕಾಲುವೆಯ ಮೇಲೆ ಮತ್ತೊಂದು ಪಲ್ಟನ್ನೂ ಕಾದಾಡಿತ್ತು. ದೇಹ ಅವರದಿರಬೇಕೆಂದು ಬರೆದರು. ದೌಲತರಾಯನ ಹೆಸರಿನ ಮುಂದೆ 'ಕಾಣೆ' ಎಂದು ಬಿತ್ತು. "ತಗೊಂಡು ಹೋಗಿ ಸುಡು," ಎಂದು ಕೊಟ್ಟ ತುಂಡನ್ನು ಸಲಾವುದ್ದೀನ ಸುಡಲಿಲ್ಲ. ಅದು ಈಗ ಅವನ ಯಂತ್ರದ ಬಲಗಡೆಯ ಸಣ್ಣ ಡ್ರಾವರಿನಲ್ಲಿ, ಬಾಬಿನ್ನುಗಳ ಕೆಳಗೆ, ಹಳೆಯ ವರ್ತಮಾನ ಪತ್ರಿಕೆಯ ಸುರುಳಿಯೊಳಗೆ ಇತ್ತು. ಅದರ ಕೀಲಿ ಅವನ ಕೊರಳಿನಲ್ಲಿ ಕರಿಯ ದಾರಕ್ಕೆ ನೇತಾಡುತ್ತಿತ್ತು. ಹೆಂಡತಿ ಗೌಸಿಯಾಬೇಗಂ ಅದನ್ನು ತಾಯಿತವೆಂದೇ ತಿಳಿದಿದ್ದಳು.

ಹನ್ನೊಂದರ ಬಸ್ಸಿಗೆ ಗಂಗಾಬಾಯಿ ಇಳಿದಳು. ಈ ಸಲ ಒಬ್ಬಳೇ ಅಲ್ಲ. ಹಿಂದೆ ಸೊಸೆ ಶಿವಕಾಂತಾ, ಕೈಯಲ್ಲಿ ಒಂದು ತಗಡಿನ ಡಬ್ಬಿ. ಮದುವೆಯಾದಾಗ ಹತ್ತೊಂಬತ್ತು, ಗಂಡನೊಡನೆ ಬಾಳಿದ್ದು ಎರಡು ರಜೆ. ಈಗ ಇಪ್ಪತ್ತಾರು. ಹಣೆಯ ಮೇಲೆ ಕುಂಕುಮವಿತ್ತು, ಕೈಯಲ್ಲಿ ಹಸಿರು ಬಳೆಯಿತ್ತು, ಮುಖದಲ್ಲಿ ಮಾತ್ರ ಏನೂ ಇರಲಿಲ್ಲ.

"ಸಲಾವುದ್ದೀನ, ಸರ್ಕಾರದವರು ನಮಗೂ ಕಾಗದ ಹಾಕ್ಯಾರ ನೋಡು," ಎಂದು ಗಂಗಾಬಾಯಿ ಕಟ್ಟೆ ಹತ್ತಿದಳು. "ಪದಕ ಹಚ್ಚಿಕೊಂಡು ಬರ್ರಿ ಅಂದಾರ. ನನ್ನ ಮಗನವು ಎರಡು ಅವ. ಯಾವ ಕಡಿ ಹಚ್ಚಬೇಕು ಅಂತ ಆಫೀಸಿನಾಗ ಕೇಳಿದ್ರ, ಸಲಾವುದ್ದೀನನ್ನ ಕೇಳು ಅಂದ್ರು."

ಶಿವಕಾಂತಾ ಡಬ್ಬಿಯನ್ನು ತೆರೆದು ಯಂತ್ರದ ಹಲಗೆಯ ಮೇಲಿಟ್ಟಳು. ಸರಿಯಾಗಿ ಆ ಡ್ರಾವರಿನ ಮೇಲೆ. ಸಲಾವುದ್ದೀನ ತನಗೆ ತಿಳಿಯದಂತೆ ಮೊಣಕಾಲಿನಿಂದ ಡ್ರಾವರನ್ನು ಒತ್ತಿ ಹಿಡಿದ.

"ಜಲ್ದಿ ಮುಗಿಸೂಣು ಗಂಗಕ್ಕಾ. ನೀವು ಮೈದಾನದ ಕಡಿ ನಡೀರಿ, ನೆರಳಾಗ ಕೂಡ್ರಿ. ನಾನು ತಂದು ಕೊಡ್ತೇನಿ."

"ಯಾಕೋ, ಓಡಸಾಕತ್ತೀದಿ? ಮೊದಲು ಹೇಳು, ಎಡಕ್ಕೋ, ಬಲಕ್ಕೋ?"

ಕಟ್ಟೆಯ ಮೇಲಿನ ನಗು ನಿಂತಿತು. ಅಲ್ಲಿದ್ದ ಹಳೆಯ ಸಿಪಾಯಿಗಳಿಗೆಲ್ಲ ಉತ್ತರ ಗೊತ್ತಿತ್ತು. ಪದಕ ಪಡೆದವನು ಅದನ್ನು ಎಡಗಡೆ ಧರಿಸುತ್ತಾನೆ. ಅವನು ಸತ್ತ ಮೇಲೆ ಮನೆಯವರು ಧರಿಸುವುದಾದರೆ ಬಲಗಡೆ. ಅವನು ಬದುಕಿದ್ದರೆ, ಹೆತ್ತ ತಾಯಿಗೂ ಅದನ್ನು ಧರಿಸುವ ಹಕ್ಕಿಲ್ಲ.

ಚಂದ್ರಾಮಪ್ಪನೇ ತಡೆಯಲಾರದೆ ಅದನ್ನು ಮೆಲ್ಲಗೆ ಹೇಳಿದ.

"ಬಲಕ್ಕ ಹಚ್ಚಿದ್ರ ನನ್ನ ಮಗ ಸತ್ತಂಗ ಅನ್ನು," ಎಂದಳು ಗಂಗಾಬಾಯಿ. "ಮತ್ತ ಬ್ಯಾಡ. ಡಬ್ಬಿ ಮುಚ್ಚು ಶಿವಕಾಂತಾ. ಅಂವಾ ಬಂದು ತಾನಽ ಹಚ್ಚಿಕೊಳ್ಳಲಿ."

ಶಿವಕಾಂತಾ ಡಬ್ಬಿ ಮುಚ್ಚಲಿಲ್ಲ. "ಅತ್ತೀ, ಸುಬೇದಾರ ಸಾಹೇಬ್ರು ಬರ್ತಾರಂತ. ಅವರಿಗೂ ಒಂದು ಮಾತು ಕೇಳೂಣು," ಎಂದಳು. ಆಮೇಲೆ, ಸಲಾವುದ್ದೀನನಿಗೆ ಮಾತ್ರ ಕೇಳುವಷ್ಟು ಸಣ್ಣ ದನಿಯಲ್ಲಿ, ಅವಳು ಬೆಸೆದುಕೊಂಡ ತನ್ನ ಬೆರಳುಗಳನ್ನು ನೋಡುತ್ತ ಹೇಳಿದಳು: "ಚಾಚಾ, ಅಫಜಲಪುರದಾಗ ನಮ್ಮಣ್ಣ ಒಂದು ಕಡಿ ಉಡಿಕಿ ಮಾತಾಡ್ಯಾನ. ಯುಗಾದಿ ತನಕ ಕಾಯ್ತೀವಿ ಅಂದಾರ. ಗಂಡ ಇದ್ದಾನೋ ಇಲ್ಲೋ ಅಂತ ಬರೆದ ಕಾಗದ ಇಲ್ಲಂದ್ರ ಸ್ವಾಮಿಗೋಳೂ ಒಪ್ಪೂದಿಲ್ಲ, ಅತ್ತೀನೂ ಒಪ್ಪೂದಿಲ್ಲ. ಯಾರರೆ ಒಬ್ಬರು ಒಂದು ಹೇಳಬೇಕಲ್ಲರಿ."

ಉಡಿಕಿ, ಅಂದರೆ ವಿಧವೆಯ ಮರುಮದುವೆ, ಅವರ ಮನೆಗಳಲ್ಲಿ ಹೊಸದಲ್ಲ. ಆದರೆ ಉಡಿಕಿಯ ಸೀರೆ ಉಡಿಸುವುದು ವಿಧವೆಗೆ. ಕಾಣೆಯಾದವನ ಹೆಂಡತಿಗೆ ಅಲ್ಲ. ಸಲಾವುದ್ದೀನ ತಲೆ ಎತ್ತಲಿಲ್ಲ. ಸೂಜಿಯ ಕಣ್ಣು ಅವನಿಗೆ ಎರಡಾಗಿ ಕಾಣುತ್ತಿತ್ತು.

ಜೀಪು ಬಂದದ್ದು ಅದೇ ಹೊತ್ತಿಗೆ. ರೇವಣಪ್ಪ ಸುಬೇದಾರರು ಕೋಲು ಊರಿಕೊಂಡು ಇಳಿದರು. ಎಪ್ಪತ್ತೊಂದರಲ್ಲಿ ಕಂಡಷ್ಟೇ ನೆಟ್ಟಗಿದ್ದ ಬೆನ್ನು, ಮೀಸೆ ಮಾತ್ರ ಬೆಳ್ಳಗೆ. ಎಲ್ಲರೂ ಎದ್ದು ನಿಂತರು. ಸಲಾವುದ್ದೀನನ ಕೈ ತಾನಾಗಿಯೇ ಸೆಲ್ಯೂಟಿಗೆ ಏರಿತು.

"ಏನ್ಲೇ ಸಲಾವುದ್ದೀನ, ಇನ್ನೂ ಸಾಯಲಿಲ್ಲೇನು?"

"ತಮ್ಮ ದುವಾದಿಂದ ಬದುಕೀನ್ರಿ ಸಾಬ್."

"ನಿನ್ನ ಅಂಗಡಿಯಿಂದ ಹೊಂಟವರ ಎದೀ ಮ್ಯಾಲ ಒಂದು ನೂಲಿನಷ್ಟೂ ತಪ್ಪಿರಬಾರದು. ಕರ್ನಲ್ ಸಾಹೇಬ್ರ ಕಣ್ಣು ಹದ್ದಿಂದು. ಆದ್ರ ನಿನಗೇನು ಹೇಳೂದು, ನಿನ್ನ ಕೈ ತಪ್ಪಂಗಿಲ್ಲ."

ಗಂಗಾಬಾಯಿ ಮುಂದೆ ಬಂದಳು. "ಸಾಹೇಬ್ರ, ನನ್ನ ಮಗಾ ದೌಲತರಾಯ. ನಿಮ್ಮ ಕೈಯಾಗ ಇದ್ದಂವಾ."

ಸುಬೇದಾರರು ಕೋಲನ್ನು ಕಂಕುಳಿಗೆ ಸಿಗಿಸಿ ಎರಡೂ ಕೈ ಮುಗಿದರು. ಪದಕದ ಪ್ರಶ್ನೆಯನ್ನು ಪೂರ್ತಿ ಕೇಳಿಕೊಂಡರು. ಶಿವಕಾಂತಾ ಆಗ ಅತ್ತೆಯ ಸೆರಗಿನ ಗಂಟನ್ನು ತಾನೇ ಬಿಚ್ಚಿ ಕಾಗದವನ್ನು ಹೊರತೆಗೆದಳು.

"ಅವರು ಬರೆದ ಕೊನೀ ಕಾಗದರಿ ಸಾಹೇಬ್ರ. ಇದರಾಗ ಏನರೆ ಗೊತ್ತಾಗ್ತದೇನು ನೋಡ್ರಿ."

"ನನಗ ಕಣ್ಣಿನ ಆಪರೇಷನ್ ಆಗ್ಯಾದವ್ವಾ. ನೀನಽ ಓದು."

ಅವಳು ಓದಿದಳು, ನಾಲ್ಕನೆಯ ಇಯತ್ತೆಯ ಹುಡುಗಿ ಓದುವ ಹಾಗೆ, ಒಂದೊಂದೇ ಅಕ್ಷರದ ಮೇಲೆ ಕಾಲಿಟ್ಟು. ಎತ್ತಿನ ಕುಶಲ ಮುಗಿಯಿತು. ನದಿಯ ನೀರು ಮುಗಿಯಿತು. ಸಲಾವುದ್ದೀನ ಸರಿದು ಡ್ರಾವರಿಗೆ ಅಡ್ಡ ನಿಂತ. ಶಿವಕಾಂತಾ ಆ ಎರಡು ಸಾಲಿಗೆ ಬಂದಳು. "ಎದೆಯ ಮೇಲಿನ... ಎರಡು ಪಟ್ಟಿಗಳನ್ನು... ಉಲ್ಟಾ ಹೊಲಿದಾನ."

ಸುಬೇದಾರರು ಮುಖ ತಿರುಗಿಸಿ ಸಲಾವುದ್ದೀನನನ್ನು ನೋಡಿದರು. ಒಂದು ಗಳಿಗೆ. ಎರಡು ಗಳಿಗೆ.

ಆಮೇಲೆ ನಕ್ಕರು.

"ಉಲ್ಟಾ ಹೊಲಿದಿದ್ದೇನ್ಲೇ? ನೀನು? ಆವತ್ತು ನನಗ ಗೊತ್ತಾಗಿದ್ರ ನಿನ್ನ ಹದಿನೈದು ದಿನ ಕ್ವಾರ್ಟರ್ ಗಾರ್ಡಿನ ಜೇಲಿನ್ಯಾಗ ಒಗಿತಿದ್ದೆ!"

ಚಂದ್ರಾಮಪ್ಪ ತೊಡೆ ತಟ್ಟಿದ. "ನನ್ನ ಮೂರು ಸಲ ಬಿಚ್ಚಿಸಿದ ಉಸ್ತಾದರು ಇವರಽ ನೋಡ್ರಿ!" ಕಟ್ಟೆಯೆಲ್ಲ ನಗೆಯಾಯಿತು. ಗಂಗಾಬಾಯಿಯೂ ನಕ್ಕಳು.

ಸುಬೇದಾರರಿಗೆ ಆ ಸುಟ್ಟ ತುಂಡು ನೆನಪಿರಲಿಲ್ಲ. ಎಷ್ಟು ದೇಹ, ಎಷ್ಟು ತುಂಡು ಬಟ್ಟೆ ಕಂಡಿದ್ದ ಕಣ್ಣುಗಳವು. ಅದರ ಮೇಲೆ ಐದು ವರ್ಷ. ಸಲಾವುದ್ದೀನ ಹೆದರಿದ್ದ ಹುಲಿ ಬಾಗಿಲಿಗೆ ಬಂದು, ಆಕಳಿಸಿ, ಹೊರಟು ನಿಂತಿತ್ತು. ಇನ್ನು ಯಾರೂ ಕೇಳುವವರಿಲ್ಲ. ಡ್ರಾವರಿನ ಕೀಲಿಯನ್ನು ಅವನೊಂದಿಗೇ ಮಣ್ಣು ಮಾಡಬಹುದು.

"ನೋಡ್ರಿ ತಾಯಿ," ಎಂದರು ಸುಬೇದಾರರು, ನಗೆ ಮುಗಿಸಿ. "ಕಾಣೆಯಾದವನು ಸತ್ತಾನ ಅಂತ ಸರ್ಕಾರ ಬರೆದು ಕೊಡೂತನಕ ಅವನ ಪದಕ ಯಾರೂ ಹಚ್ಚಿಕೊಳ್ಳೂದು ಬ್ಯಾಡ. ಈ ವರ್ಷ ಹಂಗಽ ನಿಲ್ಲರಿ. ಮುಂದಿನ ವರ್ಷ ನೋಡೂಣು."

"ನಾನೂ ಅದನ್ನಽ ಅಂದೆ," ಎಂದಳು ಗಂಗಾಬಾಯಿ, ಗೆದ್ದವಳಂತೆ.

ಶಿವಕಾಂತಾ ಕಾಗದವನ್ನು ಮೊದಲಿನ ಮಡಿಕೆಗಳಲ್ಲೇ ಮಡಚಿದಳು. ಪದಕಗಳನ್ನು ಹತ್ತಿಯ ಮೇಲೆ ಮಲಗಿಸಿ ಡಬ್ಬಿ ಮುಚ್ಚಿದಳು. ಮುಚ್ಚಳ ಸರಿಯಾಗಿ ಕೂರಲಿಲ್ಲ, ಅಂಗೈಯಿಂದ ಗುದ್ದಿದಳು. ಹಸಿರು ಬಳೆಯೊಂದು ಒಡೆದು ಯಂತ್ರದ ಮೇಲೆ ಬಿತ್ತು.

"ಹಂಗಾರ ಮುಂದಿನ ವರ್ಷ ಬರ್ತೇವ್ರಿ, ಚಾಚಾ," ಎಂದಳು.

ಅದರಲ್ಲಿ ಬೈಗುಳವಿರಲಿಲ್ಲ. ಬೈಗುಳವಿದ್ದರೆ ಸಲಾವುದ್ದೀನ ತಡೆದುಕೊಳ್ಳುತ್ತಿದ್ದನೇನೋ. ಬಳೆಯ ಚೂರನ್ನು ಅವನು ಕೈಯಲ್ಲಿ ತೆಗೆದುಕೊಂಡ. ಎಸೆಯಲು ಎತ್ತಿದ ಕೈ ಎಸೆಯಲಿಲ್ಲ; ಕೊರಳಿಗೆ ಹೋಯಿತು.

"ನಿಲ್ಲರಿ," ಎಂದ.

ದನಿ ಎಷ್ಟು ಒರಟಾಗಿ ಬಂತೆಂದರೆ ಜೀಪಿನ ಕಡೆ ಹೊರಟಿದ್ದ ಸುಬೇದಾರರೂ ತಿರುಗಿದರು. ಕರಿಯ ದಾರವನ್ನು ತಲೆಯ ಮೇಲಿಂದ ತೆಗೆದು, ಕೀಲಿ ಹಾಕಿ, ಡ್ರಾವರನ್ನು ಪೂರ್ತಿ ಎಳೆದ. ಬಾಬಿನ್ನುಗಳು ನೆಲಕ್ಕೆ ಉರುಳಿದವು. ಪತ್ರಿಕೆಯ ಸುರುಳಿಯನ್ನು ಬಿಚ್ಚಿ, ಅಂಗೈಯಗಲದ ಆ ತುಂಡನ್ನು ಯಂತ್ರದ ಮೇಲೆ, ಕಾಗದವಿರುತ್ತಿದ್ದ ಜಾಗದಲ್ಲಿ ಹಾಸಿದ.

ಅಂಚು ಕರಿ, ನಡುವೆ ಖಾಕಿ. ಅದರ ಮೇಲೆ ಎರಡು ಪಟ್ಟಿ. ಕಿರಿಯದು ಗುಂಡಿಯ ಕಡೆಗೆ. ಹಿರಿಯದು ತೋಳಿನ ಕಡೆಗೆ.

ಮೊದಲು ಅರ್ಥವಾದದ್ದು ಸುಬೇದಾರರಿಗೆ. ಅವರು ಹತ್ತಿರ ಬಂದು, ಕಣ್ಣು ಕಿರಿದಾಗಿಸಿ, ಬಾಗಿ, ಬಹಳ ಹೊತ್ತು ನೋಡಿದರು. ನೆಟ್ಟಗೆ ನಿಂತರು.

"ಕಾಲುವೀ ದಂಡಿದು."

"ಹೌದ್ರಿ ಸಾಬ್."

"ಆವತ್ತು ನನ್ನದಲ್ಲ ಅಂದೀದಿ."

"ಅಂದೀನ್ರಿ."

"ಗೊತ್ತಿದ್ದೂ ಅಂದೀದಿ."

"ನೋಡಿದ ಕೂಡ್ಲೇ ಗೊತ್ತಾಗಿತ್ರಿ. ಉಲ್ಟಾ ಹೊಲಿದದ್ದು ಅದೊಂದಽ ಅಂಗಿ."

"ಯಾಕಲೇ?" ಸುಬೇದಾರರ ಕೋಲು ನೆಲದಿಂದ ಮೇಲೆದ್ದಿತ್ತು. "ಯಾಕ ಸುಳ್ಳು ಹೇಳಿದಿ? ಯಾರಿಗಾಗಿ?"

ಸಲಾವುದ್ದೀನ ಐದು ವರ್ಷ ಈ ಪ್ರಶ್ನೆಗೆ ಒಳ್ಳೊಳ್ಳೆಯ ಉತ್ತರಗಳನ್ನು ಕಟ್ಟಿಟ್ಟಿದ್ದ. ತಾಯಿಯ ಆಸೆ ಉಳಿಯಲಿ ಎಂದು ಹೇಳಬಹುದಿತ್ತು. ಖಾತ್ರಿ ಇರಲಿಲ್ಲ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಅವಾವುವೂ ಅಲ್ಲ.

"ದೊಡ್ಡ ಸಾಹೇಬ್ರು, ಯಾವ ಕತ್ತೆ ಹೊಲಿದದ್ದು ಅಂದ್ರರಿ. ಎಲ್ಲಾರ ಮುಂದ ನಾನಽ ಅನ್ನಾಕ ನಾಚಿಕಿ ಬಂತು. ಅಷ್ಟಽ ರಿ."

"ಅಷ್ಟಽ?"

"ಅಷ್ಟಽ ರಿ."

ಕೋಲು ಇಳಿಯಿತು. ಹೊಡೆಯಲು ಕೂಡ ಆ ಮಾತು ಬಹಳ ಚಿಕ್ಕದಾಗಿತ್ತು.

ಗಂಗಾಬಾಯಿ ಇಷ್ಟು ಹೊತ್ತೂ ಬಟ್ಟೆಯನ್ನು ಮುಟ್ಟಿರಲಿಲ್ಲ. ಈಗ ಎರಡು ಬೆರಳಿನಿಂದ ಮೊದಲು ಒಂದು ಪಟ್ಟಿಯನ್ನು, ಆಮೇಲೆ ಇನ್ನೊಂದನ್ನು ತಡವಿದಳು. ಓದು ಬಾರದವಳು, ಆದರೆ ಕಾಗದದ ಎರಡು ಸಾಲು ಅವಳಿಗೆ ಬಾಯಿಪಾಠ. ಆ ಎರಡು ಸಾಲು ಬೆರಳಿಗೆ ಸಿಕ್ಕಿದವು.

"ಮಣ್ಣು ಯಾರು ಕೊಟ್ರು?" ಎಂದು ಕೇಳಿದಳು. ಸಲಾವುದ್ದೀನನನ್ನಲ್ಲ, ಸುಬೇದಾರರನ್ನು.

"ನಾನಽ ನಿಂತು ಕೊಟ್ಟೀನಿ ತಾಯಿ. ಯಾರ ಮನೀ ಮಗನೋ ಗೊತ್ತಿರಲಿಲ್ಲ. ಆ ಕಾಲುವೀ ದಂಡೀ ಮ್ಯಾಲ, ನಾಕು ಮಂದಿ ಕೂಡಿ ಕೊಟ್ಟೇವಿ."

"ಹೆಸರು ಕರೀಲಿಲ್ಲ?"

"ಯಾವ ಹೆಸರು ಕರೀಬೇಕಿತ್ತು ತಾಯಿ?"

ಅವಳು ತಲೆಯಾಡಿಸಿದಳು. ಅಳಲಿಲ್ಲ. ಅಂಗಡಿಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತುಕೊಂಡಳು. ಐದು ವರ್ಷ ನಿಂತೇ ಇದ್ದವಳಂತೆ ಕುಳಿತಳು. ಚಂದ್ರಾಮಪ್ಪ ಟೊಪ್ಪಿಗೆ ತೆಗೆದ. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಇಳಿದು ದೂರ ನಿಂತರು.

"ಚಾಚಾ," ಎಂದಳು ಶಿವಕಾಂತಾ. "ದಿನಾ ಮುಂಜಾನಿ ಕುಂಕುಮ ಹಚ್ಚಿಕೊಳ್ಳುವಾಗ ನನ್ನನ್ನ ನಾನಽ ಕೇಳಿಕೊಳ್ತಿದ್ದೆರಿ. ಸತ್ತವನ ಕುಂಕುಮ ಹಚ್ಚಿಕೊಳ್ಳಾಕತ್ತೀನೋ, ಇದ್ದವಂದು ಅಳಸಬೇಕಂತ ಬಯಸಾಕತ್ತೀನೋ, ಯಾವ ಪಾಪ ನನ್ನದು ಅಂತ. ಐದು ವರ್ಷ. ನಿಮ್ಮ ಡ್ರಾವರಿನಾಗ ಇತ್ತು ಅದು."

ಅವಳು ಅತ್ತೆಯ ಪಕ್ಕದಲ್ಲಿ ಹೋಗಿ ಕುಳಿತಳು.

ಸುಬೇದಾರರು ಪಕ್ಕದ ಅಂಗಡಿಯಿಂದ ಕಾಗದ ತರಿಸಿದರು. ಅವರು ಹೇಳಿದರು, ಚಂದ್ರಾಮಪ್ಪ ಬರೆದ: ಯಾವ ಅಂಗಿ, ಯಾವ ಪಟ್ಟಿಗಳು, ಯಾವ ತಪ್ಪು, ಯಾರು ಹೊಲಿದದ್ದು, ಯಾವ ದಿನ ಯಾರ ಮುಂದೆ ಸುಳ್ಳು ಹೇಳಿದ್ದು. ಬಟ್ಟೆಯೂ, ದೌಲತರಾಯನ ಕಾಗದದ ನಕಲೂ ಅದರ ಜೊತೆಗೆ ಪಲ್ಟನ್ನಿನ ದಫ್ತರಕ್ಕೆ ಹೋಗಬೇಕು. ಯುಗಾದಿಯ ಗಡುವನ್ನು ಶಿವಕಾಂತಾ ಹೇಳಿದಾಗ, ಅದರ ಒಳಗೆ ಉತ್ತರ ತರಿಸುವುದು ತಮ್ಮ ಜವಾಬ್ದಾರಿ ಎಂದರು. ಸಲಾವುದ್ದೀನ ಪ್ರತಿ ಪುಟದ ಕೆಳಗೂ ರುಜು ಮಾಡಿದ. ಆಮೇಲೆ ಸಾಲಿನಲ್ಲಿ ನಿಲ್ಲಲೆಂದು ತಾನೂ ಮುಂಜಾನೆ ಹಚ್ಚಿಕೊಂಡಿದ್ದ ಮೂರು ಪದಕಗಳನ್ನು ಬಿಚ್ಚಿ ಸುಬೇದಾರರ ಮುಂದಿಟ್ಟ.

"ಅವನ್ನ ತಗೊಳ್ಳಾಕ ನನಗ ಹುಕುಂ ಇಲ್ಲ," ಎಂದರು ಅವರು, ಮುಖ ನೋಡದೆ. "ಸರ್ಕಾರ ಬೇಕಾದ್ರ ತಗೊಳ್ಳಲಿ. ಅಲ್ಲೀತನಕ ಹಚ್ಚಿಕೋ. ಸಂಜೀಕ ಸಾಲಿನ್ಯಾಗ ನಿಲ್ಲು. ಇಲ್ಲಿ ಕೇಳಿದವರೆಲ್ಲ ಅಲ್ಲಿ ನಿನ್ನ ನೋಡ್ತಾರ. ನೋಡಲಿ."

ಬಟ್ಟೆಯನ್ನು ಲಕೋಟೆಗೆ ಹಾಕಲು ಅವರು ಕೈ ಚಾಚಿದಾಗ ಗಂಗಾಬಾಯಿ ಎದ್ದಳು.

"ಒಂದು ಗಳಿಗಿ ತಡೀರಿ ಸಾಹೇಬ್ರ. ಈ ಪಟ್ಟಿ ಬಿಚ್ಚಿ ಸೀದಾ ಹೊಲಸಬೇಕಿತ್ತು. ಪಟ್ಟಿ ಇಲ್ಲದ ಬಟ್ಟಿ ಕಳಿಸಿದ್ರ ನಡೀತದೇನು?"

"ನಡೆಯೂದಿಲ್ಲ ತಾಯಿ. ಉಲ್ಟಾ ಇದ್ದದ್ದಽ ಸಾಕ್ಷಿ."

"ಹಂಗಾರ ಇರಲಿ ಬಿಡ್ರಿ." ಅವಳು ಡಬ್ಬಿಯನ್ನು ಸೊಸೆಯ ಕೈಯಿಂದ ತೆಗೆದುಕೊಂಡು ಯಂತ್ರದ ಮೇಲಿಟ್ಟಳು. "ನನ್ನ ಮಗಾ ಬಂದಾನ, ಸಲಾವುದ್ದೀನ. ಅವನ ಕೆಲಸ ಮಾಡಿಕೊಡು. ಈ ಪದಕಗೋಳನ್ನ ಸೀದಾ ಹೊಲಿ."

ಸಲಾವುದ್ದೀನ ಕುಳಿತ. ಒಂದು ಬೆರಳಗಲದ ಖಾಕಿ ಪಟ್ಟಿ ಕತ್ತರಿಸಿದ. ಅದರ ಬೆನ್ನಿಗೆ ಪಿನ್ನು ಹೊಲಿದ. ಹಿರಿಯದನ್ನು ಎತ್ತಿ ಇಟ್ಟ. ಕಿರಿಯದನ್ನು ಎತ್ತಿ ಇಟ್ಟ. ಸರಿಯಾಗಿದೆಯೋ ಇಲ್ಲವೋ ಎಂದು, ಹತ್ತೊಂಬತ್ತು ವರ್ಷದಲ್ಲಿ ಎಂದೂ ಮಾಡದ್ದನ್ನು ಮಾಡಿದ: ಚಂದ್ರಾಮಪ್ಪನನ್ನು ಕರೆದು ಕೇಳಿದ. ಚಂದ್ರಾಮಪ್ಪ ಹಾಸ್ಯ ಮಾಡಲಿಲ್ಲ. "ಬರೋಬರ್ ಅದ," ಎಂದಷ್ಟೇ ಹೇಳಿದ. ಪ್ರತಿ ಹೊಲಿಗೆಗೂ ಸೂಜಿ ಬೆರಳಿಗೆ ಚುಚ್ಚಿತು. ಅವನು ಬೆರಳನ್ನು ಸರಿಸಲಿಲ್ಲ.

ಮುಗಿದ ಪದಕಗಳನ್ನು ಅವನು ಎತ್ತಿ ಹಿಡಿದಾಗ, ಸಂಪ್ರದಾಯದಂತೆ ಹೆಂಡತಿ ಧರಿಸಬೇಕೇನೋ ಎಂದು, ಸರ್ಕಾರದ ಕಾಗದದ ಮಾತು ಮತ್ತೆ ಎತ್ತದೆ, ಸುಬೇದಾರರು ಶಿವಕಾಂತಾಳ ಕಡೆ ನೋಡಿದರು. ಶಿವಕಾಂತಾ ಎದ್ದು ನಿಂತಳು. ಗಂಗಾಬಾಯಿ ಕೈ ಅಡ್ಡ ಹಿಡಿದಳು.

"ಇಕೀಗೆ ಬ್ಯಾಡ. ಇಕೀ ಇದನ್ನ ಐದು ವರ್ಷ ಹೊತ್ತಾಳ." ಆಮೇಲೆ ಸೊಸೆಯ ಮುಖ ನೋಡದೆ, ಜಗಳ ತೆಗೆಯುವವಳ ದನಿಯಲ್ಲಿ, "ಏ ಶಿವಕಾಂತಾ, ನಿಮ್ಮಣ್ಣಗ ಕಾಗದ ಹಾಕು. ಯುಗಾದಿಗೆ ಮೊದಲಽ ಬಂದು ಮಾತಾಡಲಿ ಅನ್ನು. ನನ್ನ ಮುಂದ ಮಾತಾಡಲಿ," ಎಂದಳು.

ಶಿವಕಾಂತಾ ಅತ್ತೆಯ ಮೊಣಕೈಯನ್ನು ಹಿಡಿದುಕೊಂಡಳು.

ಗಂಗಾಬಾಯಿ ಸಲಾವುದ್ದೀನನ ಮುಂದೆ ನೆಟ್ಟಗೆ ನಿಂತಳು. ಅವಳ ಕಡೆಯ ಹೆಂಗಸರಂತೆ ಅವಳ ಸೆರಗು ತಲೆಯ ಮೇಲಿಂದ ಬಲ ಹೆಗಲಿಗೆ ಇಳಿದು ಎದೆಯ ಬಲಭಾಗವನ್ನೆಲ್ಲ ಮುಚ್ಚಿತ್ತು. ನಿಯಮ ಬರೆದವರು ಇಂಥ ಸೆರಗನ್ನು ಕಂಡಿರಲಿಲ್ಲ. ಒಳಗಿನ ಕುಪ್ಪಸಕ್ಕೆ ಹಚ್ಚಿದರೆ ಪದಕ ಕಾಣಿಸುವುದಿಲ್ಲ.

"ಸೆರಗು ಸರಿಸಂಗಿಲ್ಲ ನಾನು," ಎಂದಳು.

"ಸೆರಗಿಗೇ ಹಚ್ಚತೇನಿ, ಗಂಗಕ್ಕಾ."

"ಅಕ್ಕ ಅನಬ್ಯಾಡ. ಮಾಫ್ ಮಾಡೀನಿ ಅಂತ ತಿಳಕೋಬ್ಯಾಡ. ಹಚ್ಚು."

ಅವನು ಸೆರಗಿನ ಎರಡು ಪದರಗಳನ್ನು ಅವಳ ಮೈಗೆ ತಾಕದಂತೆ ಹಿಡಿದು, ಹೆಗಲಿನಿಂದ ಬೆರಳಿನ ಅಳತೆಯಲ್ಲಿ ಕೆಳಗಿಳಿದು, ಜೇಬು ಇಲ್ಲದ ಕಡೆ ಜೇಬನ್ನು ಊಹಿಸಿ, ಪಿನ್ನನ್ನು ಚುಚ್ಚಿದ. ಅದು ಒಂದು ಎಳೆಯಷ್ಟು ಓರೆಯಾಯಿತು. ಬಿಚ್ಚಿದ. ಮತ್ತೆ ಹಚ್ಚಿದ. ಒಂದು ಹೆಜ್ಜೆ ಹಿಂದೆ ಸರಿದು ನೋಡಿದ.

"ಯಾವ ಕಡಿ ಹಚ್ಚೀದಿ?" ಎಂದು ಕೇಳಿದಳು ಗಂಗಾಬಾಯಿ. ಅವಳಿಗೆ ಗೊತ್ತಿತ್ತು. ಅವನ ಬಾಯಿಂದ ಕೇಳಬೇಕಿತ್ತು.

"ಬಲಗಡಿರಿ," ಎಂದ ಸಲಾವುದ್ದೀನ.

ಅವಳು ಒಮ್ಮೆ ಕಣ್ಣು ಮುಚ್ಚಿ ತೆರೆದಳು. ಆಮೇಲೆ ಸೊಸೆಯ ಕೈ ಹಿಡಿದು ಕಟ್ಟೆ ಇಳಿದು, ಬಿಸಿಲಿನಲ್ಲಿ, ಮೈದಾನದ ಕಡೆಗೆ ನಡೆದಳು. ಪದಕಗಳು ಸೆರಗಿನ ಮೇಲೆ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅವರು ಬೀದಿಯ ತಿರುವು ದಾಟುವವರೆಗೂ ಆ ಸದ್ದು ಸಲಾವುದ್ದೀನನಿಗೆ ಕೇಳಿಸಿತು. ಬಳಿಕ ಅವನು ತನ್ನ ಮೂರು ಪದಕಗಳನ್ನು ಎತ್ತಿಕೊಂಡು, ಒಂದೊಂದಾಗಿ, ಎಡಗಡೆಗೆ ಹಚ್ಚಿಕೊಳ್ಳತೊಡಗಿದ.